ಬಂಗಲೆಯ ಹಿಂದಿನ ಮನೆಯಲ್ಲಿ ‘ಟೇಕ್’ ಪಾಠ

ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದಕ್ಕೂ ನನಗೂ ಮೊದಲ ಜಟಾಪಟಿ ಆದದ್ದು ಮೈಸೂರಿನ ಪತ್ರಿಕಾ ಕಚೇರಿಯಲ್ಲಿ. ಇಂಗ್ಲಿಷಿನಲ್ಲಿ ಬರುತ್ತಿದ್ದ ತಂತಿ ಸುದ್ದಿಗಳನ್ನು ಕನ್ನಡಕ್ಕೆ ಇಳಿಸುವುದು ಆಗ ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ದಿನ ‘ಟುಕ್ ಪ್ಲೇಸ್’ ಎಂದಿದ್ದ ಕಡೆ ‘ಸಭೆಯು ಪುರಭವನದಲ್ಲಿ ಸ್ಥಳವನ್ನು ತೆಗೆದುಕೊಂಡಿತು’ ಎಂದು ಬರೆದು ಕೊಟ್ಟೆ. ಸುದ್ದಿ ಸಂಪಾದಕರು ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ನನ್ನನ್ನು ಕರೆದರು.

“ಯಾರ ಸ್ಥಳ ತೆಗೆದುಕೊಂಡಿತಪ್ಪಾ? ಕೊಟ್ಟೋರು ಯಾರು? ಮುನಿಸಿಪಾಲಿಟಿಯವರಿಗೆ ಗೊತ್ತೋ?”

ಅಚ್ಚು ಜೋಡಿಸುತ್ತಿದ್ದವರೆಲ್ಲ ನಕ್ಕರು. ಸಂಪಾದಕರು ಕೆಂಪು ಪೆನ್ಸಿಲಿನಲ್ಲಿ ಕೊನೆಯ ಎರಡು ಪದಗಳನ್ನು ಹೊಡೆದು ‘ನಡೆಯಿತು’ ಎಂದು ಬರೆದರು. ಆಮೇಲೂ ನಾನು ಪೂರ್ತಿ ಸುಧಾರಿಸಲಿಲ್ಲ. ಒಬ್ಬ ಅಧಿಕಾರಿ ‘ಚಾರ್ಜು ತೆಗೆದುಕೊಂಡರು’. ಇನ್ನೊಬ್ಬರು ‘ಕಾಯಿಲೆ ತೆಗೆದುಕೊಂಡರು’. ಎಲ್ಲೋ ಉತ್ತರದ ಪ್ರವಾಹದಲ್ಲಿ ಜನ ಗುಡ್ಡದ ಮೇಲೆ ‘ಆಶ್ರಯ ತೆಗೆದುಕೊಂಡರು’. ಪ್ರತಿ ಸಲವೂ ಪೆನ್ಸಿಲು ಓಡಿತು: ವಹಿಸಿಕೊಂಡರು, ಕಾಯಿಲೆ ಬಿದ್ದರು, ಆಶ್ರಯ ಪಡೆದರು. ಕೊನೆಗೊಂದು ದಿನ ಸಂಪಾದಕರು ಪೆನ್ಸಿಲು ಕೆಳಗಿಟ್ಟು ಹೇಳಿದರು:

“ಇಂಗ್ಲಿಷಿನವನು ಒಂದೇ ಕೈಯಲ್ಲಿ ಎಲ್ಲವನ್ನೂ ಎತ್ತುತ್ತಾನೆ. ನಮ್ಮಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೈ. ಅವನ ಕೈ ಎಲ್ಲಿಗೆ ಹೋಯಿತು ಅಂತ ನೋಡಬೇಡ. ಏನಾಯಿತು ಅಂತ ನೋಡಿ ಬರಿ.”

ಇದಲ್ಲದೆ ಇನ್ನೊಂದು ಪಾಠವನ್ನೂ ಅವರು ಕಲಿಸಿದರು. ಕಂಡದ್ದನ್ನು ಕಂಡದ್ದೆಂದು ಬರೆಯಬೇಕು. ಕೇಳಿದ್ದನ್ನು ಯಾರಿಂದ ಕೇಳಿದ್ದೆಂದು ಬರೆಯಬೇಕು. ಇಲ್ಲಿ ಬರೆಯುತ್ತಿರುವುದರಲ್ಲಿ ಎರಡೂ ಇವೆ. ಯಾವುದು ಯಾವುದೆಂದು ಆಯಾ ಜಾಗದಲ್ಲಿ ಹೇಳುತ್ತೇನೆ.

ಕೆಲವು ಕಾಲದ ಮೇಲೆ ಪತ್ರಿಕೆಯವರು ನನ್ನನ್ನು ಹುಣಸೂರಿಗೆ ಬಾತ್ಮೀದಾರನಾಗಿ ಕಳಿಸಿದರು. ಹುಣಸೂರು, ಪಿರಿಯಾಪಟ್ಟಣ, ಆಗಿನ್ನೂ ಹೊಸ ಊರಾಗಿ ಎದ್ದು ನಿಲ್ಲುತ್ತಿದ್ದ ಕೃಷ್ಣರಾಜನಗರ, ಹೆಗ್ಗಡದೇವನಕೋಟೆ – ನಾಲ್ಕೂ ತಾಲ್ಲೂಕುಗಳ ಸುದ್ದಿ ನನ್ನ ಪಾಲಿಗೆ ಬಂತು. ಪೇಟೆ ಬೀದಿಯ ಒಂದು ಜವಳಿ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ಬೆಳಗಿನ ಬಸ್ಸಿನಲ್ಲಿ ಸುದ್ದಿಯ ಲಕೋಟೆ ಮೈಸೂರಿಗೆ ಹೋಗಬೇಕು. ನಾಲ್ಕು ತಾಲ್ಲೂಕುಗಳಲ್ಲಿ ದಿನವೂ ಸುದ್ದಿ ಹುಟ್ಟುವುದಿಲ್ಲ. ಹುಟ್ಟದ ದಿನ ನಾನು ಬಂಗಲೆಯ ಕಡೆ ನಡೆಯುತ್ತಿದ್ದೆ.

ಬಂಗಲೆ ಎಂದರೆ ಊರ ಹೊರಗೆ, ಕೊಡಗಿನ ರಸ್ತೆಯ ಬದಿಯಲ್ಲಿದ್ದ ಒಂದು ಕಾಫಿ ಕಂಪನಿಯ ಬಂಗಲೆ. ಕೊಡಗಿನಿಂದ ಇಳಿದು ಬರುವ ತೋಟದ ದೊರೆಗಳು, ಕಾಕನಕೋಟೆಯ ಕಾಡು ನೋಡಲು ಹೋಗುವ ಅತಿಥಿಗಳು ಅಲ್ಲಿ ತಂಗುತ್ತಿದ್ದರು. ಯಾರು ಬಂದರು, ಯಾರು ಹೋದರು, ಕಾಫಿ ಧಾರಣೆಯ ಬಗ್ಗೆ ಊಟದ ಮೇಜಿನಲ್ಲಿ ಏನು ಮಾತಾಯಿತು ಎಂಬುದೆಲ್ಲ ಅಲ್ಲಿಯ ಬಟ್ಲರ್ ಸಾಬರಿಗೆ ಗೊತ್ತಿರುತ್ತಿತ್ತು. ಬಡಿಸುವುದು, ಅಡುಗೆಯವನ ಮೇಲ್ವಿಚಾರಣೆ, ದೀಪ, ಹಾಸಿಗೆ, ಅತಿಥಿಗಳ ಸಾಮಾನು – ಬಂಗಲೆಯ ಒಳಗಿನದೆಲ್ಲ ಅವರದೇ. ಹೇಳಬಹುದಾದದ್ದನ್ನು ನನಗೆ ಹೇಳುತ್ತಿದ್ದರು, ಹೇಳಬಾರದ್ದನ್ನು ಹೇಳುತ್ತಿರಲಿಲ್ಲ. ನಾನೂ ಕೆದಕುತ್ತಿರಲಿಲ್ಲ.

ಅವರು ಹುಡುಗರಾಗಿದ್ದಾಗ ಬಂಗಲೆಗೆ ಸೇರಿ ಅಲ್ಲೇ ಮುದುಕರಾದವರು. ಬಂಗಲೆಯ ಹಿಂದೆ ಹೆಂಚಿನ ಮನೆಯೊಂದನ್ನು ಕಂಪನಿ ಕೊಟ್ಟಿತ್ತು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಆಕೆಯ ಗಂಡ ಪಿರಿಯಾಪಟ್ಟಣದವನು, ಮದುವೆ ಮನೆಗಳಲ್ಲಿ ಬಿರಿಯಾನಿ ಮಾಡಿ ಹೆಸರಾಗಿದ್ದವನು. ಮಾವನಿಗೆ ಆಸರೆಯಾಗಿ ಆತನೂ ಮಕ್ಕಳೂ ಅದೇ ಮನೆಯಲ್ಲಿದ್ದರು. ಹಗಲು ಬಂಗಲೆಯ ಅಡುಗೆಮನೆಯಲ್ಲಿ ಸಂಬಳವಿಲ್ಲದ ಕೈಯಾಳಾಗಿ ದುಡಿಯುತ್ತಿದ್ದ.

ಸಾಬರ ಕಣ್ಣಿಗೆ ಪೊರೆ ಬಂದಿತ್ತು. ನಾನು ಕಾಣುವ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಅವರಿಗೆ ಹೆಚ್ಚೇನೂ ತೋರುತ್ತಿರಲಿಲ್ಲ. ಇದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಏಕೆಂದರೆ ಬಂಗಲೆಯೊಳಗೆ ಅವರ ನಡಿಗೆ ಕಣ್ಣಿದ್ದವರ ನಡಿಗೆಯೇ ಆಗಿತ್ತು. ಅಡುಗೆಮನೆಯ ಮೆಟ್ಟಿಲು, ಊಟದ ಮೇಜಿನ ಮೂಲೆ, ಬೆಳ್ಳಿ ಚಮಚಗಳ ಸೆಳೆಖಾನೆ, ಹಿಂದಿನ ಮನೆಯ ಹೊಸ್ತಿಲು, ಬಾವಿಯ ಕಟ್ಟೆ – ಯಾವುದನ್ನೂ ಅವರು ತಡಕುತ್ತಿರಲಿಲ್ಲ. ಪೇಟೆಗೆ ಮಾತ್ರ ಬರುತ್ತಿರಲಿಲ್ಲ. ‘ನಮಾಜಿಗಾದರೂ ಬರಬಾರದೇ’ ಎಂದು ಯಾರಾದರೂ ಕೇಳಿದರೆ ‘ಕೆಲಸ’ ಎನ್ನುತ್ತಿದ್ದರು. ಒಂದು ಸಂಜೆ ಅವರೇ ನನಗೆ ವಿಷಯ ಹೇಳಿದರು.

“ಈ ಕಾಂಪೌಂಡಿನ ಒಳಗೆ ನನಗೆ ಕಣ್ಣು ಕಾಣುತ್ತೆ ಸ್ವಾಮಿ. ಗೇಟು ದಾಟಿದ್ರೆ ಕುರುಡ. ಅಷ್ಟೇ ವ್ಯತ್ಯಾಸ.”

ಹಳೆಯ ಮ್ಯಾನೇಜರ್ ದೊರೆಗೆ ಇದು ತಿಳಿದಿತ್ತೋ ಇಲ್ಲವೋ, ಅವರು ಏನೂ ಅನ್ನದೆ ಕಾಲ ಕಳೆದು ಊರಿಗೆ ಹೋದರು. ಹೊಸ ದೊರೆ ಬಂದರು. ಅವರ ದೊರೆಸಾನಿ ಬಂದ ಕೆಲವೇ ದಿನಗಳಲ್ಲಿ ಸಾಬರ ಕಣ್ಣಿನ ಸ್ಥಿತಿಯನ್ನು ಕಂಡುಕೊಂಡರು. ಕೆಟ್ಟವರಲ್ಲ. ಮುದುಕರು ವಿಶ್ರಾಂತಿ ಪಡೆಯಲಿ, ಅಳಿಯನಿಗೆ ಇಂಗ್ಲಿಷು ತಿಳಿಯುವುದಾದರೆ ಕೆಲಸ ಅವನಿಗೇ ಇರಲಿ, ಮನೆಯೂ ಅವರಿಗೇ ಇರಲಿ ಎಂದು ಹೆಡ್ ಗುಮಾಸ್ತರ ಮೂಲಕ ಹೇಳಿಕಳಿಸಿದರು. ತಿಳಿಯದಿದ್ದರೆ ಕೂನೂರಿನಲ್ಲಿ ಒಬ್ಬ ಬಟ್ಲರ್ ಇದ್ದಾನೆ, ಅವನು ಕುಟುಂಬ ಸಮೇತ ಬರುತ್ತಾನೆ, ಹಿಂದಿನ ಮನೆ ಅವನಿಗೆ ಬೇಕಾಗುತ್ತದೆ. ತಿಂಗಳ ಕೊನೆಯಲ್ಲಿ ಅಳಿಯ ಒಂದು ಊಟ ಬಡಿಸಿ ತೋರಿಸಬೇಕು.

ಹೀಗೆ ವಿಷಯ ಒಂದೇ ಆಗಿತ್ತು. ಅಳಿಯನಿಗೆ ಕೆಲಸ ಸಿಕ್ಕರೆ ಸಾಬರು ಕಾಂಪೌಂಡಿನ ಒಳಗೆ ಉಳಿಯುತ್ತಾರೆ. ಸಿಗದಿದ್ದರೆ ಗೇಟು ದಾಟುತ್ತಾರೆ.

ಸಾಬರದು ಕೇಳಿ ಕೇಳಿ ಬಂದ ಇಂಗ್ಲಿಷು, ಬಿಡಿಸಿ ಹೇಳಿಕೊಡಲು ಅವರಿಗೆ ಬರುತ್ತಿರಲಿಲ್ಲ. ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ಅಷ್ಟು ಕಡಿಮೆ ದಿನಗಳಲ್ಲಿ ಒಂದು ಭಾಷೆ ಬರುವುದಿಲ್ಲ. ಆದರೆ ಒಂದು ಕ್ರಿಯಾಪದ ಬರಬಹುದು. ಯಾವುದನ್ನು ಕಲಿಸಬೇಕೆಂಬ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಕೆಂಪು ಪೆನ್ಸಿಲಿನ ಕೆಳಗೆ ಅಷ್ಟು ದಿನ ಪಟ್ಟ ಪಾಡಿನಿಂದ ಒಂದು ತಿಳಿದಿತ್ತು: ದೊರೆಗಳ ಮನೆಯಲ್ಲಿ ಅರ್ಧಕ್ಕರ್ಧ ಕೆಲಸ ‘ಟೇಕ್’ ಮೇಲೆ ನಡೆಯುತ್ತದೆ.

ಸಂಜೆ ಹಿಂದಿನ ಮನೆಯ ಜಗಲಿಯಲ್ಲಿ ಪಾಠ. ಸಾಬರು ಹಗ್ಗದ ಮಂಚದ ಮೇಲೆ. ಅಳಿಯ ಚಾಪೆಯ ಮೇಲೆ. ಮಗಳು ಬಾಗಿಲ ಪರದೆಯ ಹಿಂದೆ. ಆಕೆಯನ್ನು ನಾನು ನೋಡಿದವನಲ್ಲ, ಆಕೆಯ ದನಿ ಮಾತ್ರ ಚೆನ್ನಾಗಿ ಬಲ್ಲೆ.

“‘ಟೇಕ್ ಇಟ್ ಅವೇ’ ಅಂದರೆ?” ಎಂದು ನಾನು ಕೇಳುತ್ತಿದ್ದೆ.

“ತಟ್ಟೆ ಎತ್ಕಂಡೋಗು ಅಂತ.”

“‘ಟೇಕ್ ದ ಡಾಗ್ ಔಟ್’?”

“ನಾಯ್ನ ಆಚೆ ಕರ್ಕಂಡೋಗು.”

“‘ಟೇಕ್ ಎ ಸೀಟ್’?”

“ಕುರ್ಚಿ ಎತ್ಕಂಡೋಗು.”

ಪರದೆಯ ಹಿಂದಿನಿಂದ ನಗು ಬಂತು. “ಎತ್ಕೊಂಡೋಗಿ, ಎತ್ಕೊಂಡೋಗಿ. ಬಂದ ದೊರೆ ನೆಲದ ಮೇಲೆ ಕೂತ್ಕೊಳ್ಳಲಿ.”

“ಅಂಗಲ್ಲ ಸ್ವಾಮಿ,” ಎಂದ ಅಳಿಯ, ಹೆಂಡತಿಯ ಕಡೆ ಕೈ ಬೀಸಿ. “ಕುಂತ್ಕಳಾದೂ ಟೇಕು, ಟೀ ಕುಡಿಯಾದೂ ಟೇಕು, ನೀರುಯ್ಕಳಾದೂ ಟೇಕು, ಮನಿಕ್ಕಂಡು ದಣಿವಾರುಸ್ಕಳಾದೂ ಟೇಕು. ಈ ದೊರೆಗಳು ಏನೂ ಮಾಡಾದೇ ಇಲ್ವಾ? ಬರೀ ತಗಳಾದೇನಾ?”

“ತಗೊಂಡಿದ್ದಕ್ಕೇ ಅಲ್ವಾ ಅವರು ದೊರೆಗಳಾಗಿರೋದು,” ಎಂದಿತು ಪರದೆ.

ಸಾಬರು ಬಂಗಲೆಯ ಕಡೆ ಕಿವಿ ತಿರುಗಿಸಿ, “ಮೆಲ್ಲಗೆ ಬೇಟಿ,” ಎಂದರು.

ನಾನು ಕನ್ನಡದ ಸ್ಥಿತಿಯೂ ತೀರ ಬೇರೆಯಲ್ಲ ಎಂದು ಸಮಜಾಯಿಷಿ ಕೊಟ್ಟೆ. ನಾವು ಬಾಗಿಲು ತೆಗೆಯುತ್ತೇವೆ, ಜಗಳ ತೆಗೆಯುತ್ತೇವೆ, ಹಳೆಯ ಮಾತು ತೆಗೆಯುತ್ತೇವೆ, ಒಬ್ಬರ ಮಾನವನ್ನೂ ತೆಗೆಯುತ್ತೇವೆ. ಅಳಿಯ ಸ್ವಲ್ಪ ಹೊತ್ತು ಯೋಚಿಸಿದ. “ಅದು ನಮ್ದು ಸ್ವಾಮಿ. ಕಲೀದೇನೇ ಬಂದ್ಬುಟ್ಟದೆ,” ಎಂದ.

ಅವನಿಗೆ ನಿಜವಾಗಿ ತೊಡಕಾದದ್ದು ಕೈಗೆ ಸಿಗದ ಸಂಗತಿಗಳಲ್ಲಿ. ತಟ್ಟೆ, ನಾಯಿ, ಟೋಪಿ, ಕೋವಿ ಇವನ್ನು ತೆಗೆದುಕೊಳ್ಳುವುದು ಅವನಿಗೆ ಬೇಗ ಹತ್ತಿತು. ‘ಟೇಕ್ ಕೇರ್’ ಹತ್ತಲಿಲ್ಲ. ‘ಟೇಕ್ ಯುವರ್ ಟೈಮ್’ ಎಂದರೆ ನಿಧಾನವಾಗಿ ಮಾಡು ಎಂದರ್ಥ ಎಂದಾಗ ಅವನು ನಂಬಲಿಲ್ಲ.

“ಕೆಲ್ಸದೋನಿಗೆ ನಿಧಾನ್ವಾಗಿ ಮಾಡು ಅಂತ ಯಾವ ದೊರೆ ಏಳಾರು? ಬುಡಿ ಸ್ವಾಮಿ.”

“ಹೇಳ್ತಾರೆ,” ಎಂದರು ಸಾಬರು ಮಂಚದಿಂದ. “ಹೇಳಿದಾಗ ಸ್ವಲ್ಪ ಬೇಗ ಮಾಡಬೇಕು.”

ನಿನ್ನೆಗೆ ‘ಟುಕ್’ ಆಗುತ್ತದೆ ಎಂದು ಹೇಳಿಕೊಟ್ಟಾಗ, ನಾಳೆಗೆ ಏನಾಗುತ್ತದೆ ಎಂದು ಕೇಳಿದ. ನಾಳೆಗೂ ‘ಟೇಕ್’ ಇರುತ್ತದೆ, ಮುಂದೆ ‘ವಿಲ್’ ಬರುತ್ತದೆ ಎಂದೆ. ಅವನಿಗೆ ಅದು ಬಹಳ ಹಿಡಿಸಿತು. ಮಸಾಲೆ ಕಡಿಮೆ ಹಾಕಿ ಹೆಚ್ಚು ಜನಕ್ಕೆ ಬಡಿಸುವ ಅಡುಗೆಯವನ ಜಾಣತನ ಈ ಭಾಷೆಯಲ್ಲಿದೆ ಎಂದ. ಆ ತಿಂಗಳ ಕೊನೆಗೆ ನಾನು ಯಾವ ಸಾಲಿನಲ್ಲಿ ‘ಟೇಕ್’ ಹೇಳಿದರೂ ಅವನು ಕೈಯಾಡಿಸಿ ಸರಿಯಾದ ಕೆಲಸ ತೋರಿಸುತ್ತಿದ್ದ. ಹೆಂಡತಿ ಪರದೆಯ ಹಿಂದೆ ಅವನಿಗಿಂತ ಮೊದಲೇ ಉತ್ತರ ಹೇಳುತ್ತಿದ್ದಳು. ಪರೀಕ್ಷೆಗೆ ಕೂರಬೇಕಾದವಳು ಅವಳಲ್ಲವಲ್ಲ ಎಂದು ಸಾಬರು ಒಮ್ಮೆ ನಿಟ್ಟುಸಿರು ಬಿಟ್ಟದ್ದುಂಟು.

ಊಟದ ದಿನ ನಾನು ಬಂಗಲೆಯೊಳಗೆ ಇರಲಿಲ್ಲ. ಸಾಬರನ್ನೂ ಹಿಂದಿನ ಮನೆಯಲ್ಲೇ ಇರಲು ದೊರೆಸಾನಿ ಹೇಳಿದ್ದರು. ಮಾವನ ಸನ್ನೆಯಿಲ್ಲದೆ ಅಳಿಯ ಏನು ಮಾಡುತ್ತಾನೆ ಎಂಬುದು ಅವರಿಗೆ ಕಾಣಬೇಕಿತ್ತು. ಊಟವಾದ ಮೇಲೆ ದೊರೆ ಕಂಪನಿಯ ಕಾಫಿ ಕಾರ್ಖಾನೆಗೆ ಹೋದರು, ಹೆಡ್ ಗುಮಾಸ್ತರೂ ಜೊತೆಗೆ ಹೋದರು. ವರಾಂಡದಲ್ಲಿ ಉಳಿದವರು ದೊರೆಸಾನಿ, ಅಳಿಯ ಇಬ್ಬರೇ. ಅಳಿಯ ಆ ಸಂಜೆ ನನಗೆ ಹೇಳಿದ್ದನ್ನೂ, ದೊರೆಸಾನಿ ಮರುದಿನ ಸಾಬರಿಗೆ ಹೇಳಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಬರೆಯುತ್ತಿದ್ದೇನೆ. ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ಬಿಳಿಕೆರೆಯಿಂದ ತರಿಸಿದ ಕೋಳಿಯನ್ನು ಅವನು ಹದವಾಗಿ ಬೇಯಿಸಿದ್ದ. ಸೂಪಿನ ತಟ್ಟೆಗಳನ್ನು ಹೇಳಿದ ತಕ್ಷಣ ಎತ್ತಿದ. ನಾಯಿಯನ್ನು ಹೊರಗೆ ಕರೆದೊಯ್ದ. ದೊರೆಯ ಟೋಪಿಯನ್ನು ಗೂಟದಿಂದ ತಂದುಕೊಟ್ಟ. ‘ಟೇಕ್ ಯುವರ್ ಟೈಮ್’ ಎಂದಾಗ ಸ್ವಲ್ಪ ಬೇಗ ಮಾಡಿದ. ದೊರೆಸಾನಿಗೆ ಸಂತೋಷವಾಯಿತು. ಅವನನ್ನು ಮುಂದೆ ನಿಲ್ಲಿಸಿಕೊಂಡು, ಸಂಬಳ, ಬಟ್ಟೆ, ಹಿಂದಿನ ಮನೆ, ಮಾವ ಅಲ್ಲೇ ಇರಬಹುದು ಎಂಬುದು, ಎಲ್ಲವನ್ನೂ ನಿಧಾನವಾಗಿ, ಕೈಸನ್ನೆ ಬೆರೆಸಿ ವಿವರಿಸಿದರು. ಅವನಿಗೆ ಎಲ್ಲವೂ ಅರ್ಥವಾಯಿತು. ಕೊನೆಗೆ ಕೇಳಿದರು:

“ವಿಲ್ ಯೂ ಟೇಕ್ ಇಟ್?”

ಈ ಪ್ರಶ್ನೆಯೂ ಅವನಿಗೆ ಸರಿಯಾಗಿ ಅರ್ಥವಾಯಿತು. ಅದನ್ನು ಒತ್ತಿ ಹೇಳಬೇಕು. ಕೆಲಸಕ್ಕೆ ಸೇರುತ್ತೀಯಾ ಎಂದು ಕೇಳುತ್ತಿದ್ದಾರೆ ಎಂಬುದು ತಿಳಿದೇ ಅವನು ತಲೆ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟು, “ನೋ ಮೇಡಂ. ನೋ, ನೋ. ಸ್ಮಾಲ್ ಮ್ಯಾನ್, ಮೇಡಂ,” ಎಂದ.

ದೊರೆಸಾನಿ ಒಂದು ಕ್ಷಣ ಅವನನ್ನು ನೋಡಿದರು. “ಓ,” ಎಂದರು. “ಐ ಆಮ್ ಸಾರಿ,” ಎಂದರು. ಎದ್ದು ಒಳಗೆ ಹೋದರು.

ಸಂಜೆ ನಾನು ಹೋದಾಗ ಹಿಂದಿನ ಮನೆಯಲ್ಲಿ ಹಬ್ಬದ ಕಳೆಯಿತ್ತು. ಅಳಿಯ ಆಗಷ್ಟೇ ಸ್ನಾನ ಮಾಡಿ ಬೇರೆ ಅಂಗಿ ತೊಟ್ಟಿದ್ದ.

“ಏನಾಯಿತಪ್ಪಾ?”

“ಎಲ್ಲಾ ಒಪ್ಕಂಡ್ರು ಸ್ವಾಮಿ. ಕೆಲ್ಸ ತಗತೀಯಾ ಅಂತ ಕೇಳುದ್ರು.”

“ನೀನೇನಂದೆ?”

“ಮೊದಲ್ನೇ ಕಿತ ಅಲ್ವಾ. ನೋ ಅಂದೆ.”

ಸಾಬರು ಮಂಚದ ಮೇಲೆ ಎದ್ದು ಕೂತರು. “ನೋ ಅಂದ್ಯಾ?”

“ಅನ್ದೆ ಇರಕ್ಕಾದದಾ ಮಾಮು? ಒಂದೇ ಏಟಿಗೆ ಊಂ ಅಂದ್ರೆ ಏನಂದ್ಕಂಡಾರು? ಮಾವನ್ ಕೆಲ್ಸ ಕಿತ್ಕಳಕ್ಕೇ ಬಾಯಿ ಬುಟ್ಕಂಡು ಕಾಯ್ತಿದ್ದ ಅನ್ನಕಿಲ್ವಾ? ನಾಳೆ ಮತ್ತೆ ಕೇಳ್ತಾರೆ ಬುಡಿ. ಇನ್ನೂ ಎಲ್ಡು ಸಲ ಅದೆ.”

ಅವನು ಮಾಡಿದ್ದು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಮಾಡುವುದೇ. ಇಲ್ಲಿ ಯಾವ ಮನೆಗೆ ಹೋದರೂ, ಯಾವ ಜಾತಿ ಮತದವರ ಮನೆಯಾದರೂ, ಊಟಕ್ಕೆ ಏಳಿ ಎಂದರೆ ಮೊದಲು ಬರುವ ಮಾತು ‘ಈಗ ತಾನೆ ಆಯ್ತು’. ಹಸಿವಿನಿಂದ ಕಣ್ಣು ಕತ್ತಲಿಡುತ್ತಿದ್ದರೂ ಅದೇ ಮಾತು. ಮನೆಯವರು ಗದರಿಸಬೇಕು, ಕೈ ಹಿಡಿದು ಎಳೆಯಬೇಕು, ಎಲೆ ಹಾಸಿಬಿಡಬೇಕು. ಆಮೇಲೆ ‘ನೀವು ಇಷ್ಟು ಹೇಳ್ತೀರಿ ಅಂತ’ ಎಂದು ಕೂರುವುದು. ಸಭೆಯೊಂದರಲ್ಲಿ ಅಧ್ಯಕ್ಷತೆಯನ್ನು ಬೇಡ ಬೇಡ ಎನ್ನುತ್ತಲೇ ಇದ್ದ ಊರ ಹಿರಿಯರೊಬ್ಬರು ಅಷ್ಟು ಹೊತ್ತೂ ಅಧ್ಯಕ್ಷರ ಕುರ್ಚಿಯ ಬೆನ್ನನ್ನು ಹಿಡಿದೇ ನಿಂತಿದ್ದನ್ನು ನಾನೇ ಕಂಡಿದ್ದೇನೆ. ಮೊದಲ ‘ಬೇಡ’ವನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಹೇಳದವನನ್ನು ಮಾತ್ರ ಗುರುತಿಟ್ಟುಕೊಳ್ಳುತ್ತಾರೆ.

“ಅವರು ಎರಡನೇ ಸಲ ಕೇಳೋದಿಲ್ಲ,” ಎಂದರು ಸಾಬರು.

“ಅದೆಂಗೆ ಕೇಳಕಿಲ್ಲ? ನಿಕಾದಲ್ಲಿ ಖಾಜಿ ಸಾಬ್ರೇ ಮೂರು ಸಲ ಕೇಳ್ತಾರೆ. ಒಂದು ಸಲಕ್ಕೇ ಎದ್ದೋಯ್ತಾರಾ?”

“ನಿಕಾದಲ್ಲಿ ನೀವು ಮೊದಲನೇ ಸಲಕ್ಕೇ ಕಬೂಲ್ ಅಂದ್ರಿ,” ಎಂದಿತು ಪರದೆ. “ನಾನು ಒಳಗಿಂದ ಕೇಳಿಸ್ಕೊಂಡಿದ್ದೀನಿ. ಬುದ್ಧಿ ಬೇಕಾದ ಕಡೆ ಬರಲ್ಲ.”

ಆಮೇಲೆ ಅವಳ ಮಾತು ತಂದೆಯ ಕಡೆ ತಿರುಗಿತು. “ನೀವಾದ್ರೂ ಹೇಳಬಾರದಿತ್ತಾ ಅಬ್ಬಾ?”

“ಹೇಳೋಂಥಾದ್ದು ಅಂತ ಹೊಳೀಲಿಲ್ಲ,” ಎಂದರು ಸಾಬರು.

ಅದು ನಿಜ. ಬಂಗಲೆಯಲ್ಲಿ ಅಷ್ಟು ಕಾಲ ಬಡಿಸಿ ಬಡಿಸಿ ಅವರು ನಮ್ಮೂರ ಈ ಪದ್ಧತಿಯನ್ನೇ ಕಳೆದುಕೊಂಡಿದ್ದರು. ದೊರೆ ಒಮ್ಮೆ ಬೇಡ ಎಂದ ತಿಂಡಿಯನ್ನು ಮತ್ತೆ ಮುಂದೆ ಹಿಡಿದರೆ ಅದು ತಪ್ಪು. ಒಮ್ಮೆ ಕೇಳುವುದು, ಉತ್ತರ ಬಂದ ಮೇಲೆ ಸರಿಯುವುದು ಅವರ ಸ್ವಭಾವವೇ ಆಗಿತ್ತು. ಅದರ ಫಲವಾಗಿ ನೆಂಟರಲ್ಲಿ ಅವರಿಗೆ ಜಿಪುಣರೆಂಬ ಹೆಸರು ಬಂದಿತ್ತು. ಮಗಳು ಆ ಸಂಜೆ ಅದನ್ನೂ ಎತ್ತಿದಳು.

“ನನ್ನ ಮದುವೆಗೆ ಬಂದೋರಲ್ಲಿ ಅರ್ಧ ಜನ ಹಸಿದುಕೊಂಡು ಹೋದ್ರು ಅಂತ ಪಿರಿಯಾಪಟ್ಟಣದಲ್ಲಿ ಈಗಲೂ ಆಡ್ಕೋತಾರೆ. ಒಂದೇ ಸಲ ಕೇಳಿ ಹಂಡೆ ಮುಚ್ಚಿಸಿಬಿಟ್ರಂತೆ ಬಟ್ಲರ್ ಸಾಬ್ರು.”

“ಬೇಡ ಅಂದ್ರಲ್ಲ,” ಎಂದರು ಸಾಬರು.

ಯಾರೂ ನಗಲಿಲ್ಲ. ಅಳಿಯ ಮಾತ್ರ ಇನ್ನೂ ನಂಬದೆ ಬಂಗಲೆಯ ದೀಪದ ಕಡೆ ನೋಡುತ್ತಿದ್ದ. ನಮ್ಮ ಪಾಠಗಳಲ್ಲಿ ‘ನೋ’ ಎಂಬ ಪದ ಬಂದಿರಲಿಲ್ಲ. ಅದು ಅವನಿಗೆ ಮೊದಲೇ ಗೊತ್ತಿದ್ದ ಪದ.

ಮರುದಿನ ಬೆಳಿಗ್ಗೆ ಸಾಬರೇ ದೊರೆಸಾನಿಯ ಬಳಿ ಹೋದರು. ಅಲ್ಲಿ ನಡೆದದ್ದನ್ನು ಅವರ ಬಾಯಿಂದಲೇ ಕೇಳಿದೆ. ನಮ್ಮ ಜನ ಮೊದಲ ಸಲಕ್ಕೆ ಹೂಂ ಅನ್ನುವುದಿಲ್ಲ, ಅದು ಮರ್ಯಾದೆ, ಮೂರು ಸಲ ಕೇಳಬೇಕು, ಹುಡುಗನಿಗೆ ಕೆಲಸ ಬೇಕು, ದಯವಿಟ್ಟು ಮತ್ತೆ ಕೇಳಿ ಎಂದು ತಮ್ಮ ಬಂಗಲೆ ಇಂಗ್ಲಿಷಿನಲ್ಲಿ ವಿವರಿಸಿದರಂತೆ. ದೊರೆಸಾನಿ ಪೂರ್ತಿ ಕೇಳಿದರು. ಕೆಲವು ಕಡೆ ಮತ್ತೆ ಬಿಡಿಸಿ ಹೇಳಿಸಿಕೊಂಡರು. ಅವರ ಮುಖ ಸಾಬರಿಗೆ ಕಾಣಲಿಲ್ಲ. ದನಿ ಕುಂದಿತು ಎಂದು ಮಾತ್ರ ಹೇಳಿದರು. ಹಿಂದಿನ ದಿನ ಮಧ್ಯಾಹ್ನವೇ ಕೂನೂರಿಗೆ ತಂತಿ ಹೋಗಿತ್ತು. ಅಲ್ಲಿಯವ ಒಪ್ಪಿ ಉತ್ತರ ಕೊಟ್ಟಿದ್ದ; ಇದ್ದ ಕೆಲಸ ಬಿಟ್ಟಿದ್ದ. ಅವನಿಗೆ ಮಾತು ಕೊಟ್ಟಾಯಿತು, ಈಗ ಹಿಂತೆಗೆಯಲು ಬರುವುದಿಲ್ಲ ಎಂದರು ದೊರೆಸಾನಿ.

“ನೀವು ಒತ್ತಾಯ ಮಾಡಬೇಕಿತ್ತು,” ಎಂದೆ ನಾನು.

“ಹೇಗೆ ಸ್ವಾಮಿ? ಇಷ್ಟು ವರ್ಷ ಅವರ ಮೊದಲನೇ ಮಾತು ನಂಬಿಕೊಂಡು ಕೆಲಸ ಮಾಡಿದ್ದೀನಿ. ಇವತ್ತು ನನಗೋಸ್ಕರ ಎರಡನೇ ಮಾತು ಆಡಿ ಅನ್ನೋದಾ?”

ಕೂನೂರಿನವನು ಬರುವ ಹಿಂದಿನ ದಿನ ಬೆಳಿಗ್ಗೆ ಪಿರಿಯಾಪಟ್ಟಣದಿಂದ ಬಾಡಿಗೆ ಗಾಡಿ ಬಂದು ಬಂಗಲೆಯ ಮುಂದಿನ ಜಲ್ಲಿ ಹಾದಿಯಲ್ಲಿ ನಿಂತಿತು. ಪಾತ್ರೆ, ಪೆಟ್ಟಿಗೆ, ಹಗ್ಗದ ಮಂಚ ಏರಿದವು. ಮಗಳು ಬುರ್ಖಾದಲ್ಲಿ ಮಕ್ಕಳೊಂದಿಗೆ ಕೂತಿದ್ದಳು. ನಾನು ಬೀಳ್ಕೊಡಲು ಹೋಗಿ ವರಾಂಡದ ಮೆಟ್ಟಿಲ ಬಳಿ ನಿಂತಿದ್ದೆ. ಇನ್ನು ಮುಂದಿನದು ನಾನು ಕಂಡದ್ದು.

ದೊರೆಸಾನಿ ಹೊರಗೆ ಬಂದು ಸಾಬರನ್ನು ಕರೆಸಿದರು. ಅವರು ಎಂದಿನ ಹಾಗೆ ಹಿಂಬದಿಯಿಂದ ಬಂದು ಮೆಟ್ಟಿಲು ಹತ್ತಿ, ಎಂದಿನ ಜಾಗದಲ್ಲಿ ನಿಂತರು. ದೊರೆಸಾನಿ ಬಿಡಿಸಿ ಬಿಡಿಸಿ ಮಾತಾಡಿದರು. ಹಿಂದಿನ ಮನೆ ಹೊಸಬನ ಕುಟುಂಬಕ್ಕೆ ಬೇಕು. ಆದರೆ ಉಗ್ರಾಣದ ಪಕ್ಕದ ಸಣ್ಣ ಕೋಣೆ ಖಾಲಿಯಿದೆ. ಹೊಸಬನಿಗೆ ಎಲ್ಲೆಲ್ಲಿ ಏನಿದೆ ಎಂದು ತೋರಿಸಿಕೊಡಬಹುದು. ಆಮೇಲೂ ಸುಮ್ಮನೆ ಇರಬಹುದು, ನಾವು ಇಲ್ಲಿರುವವರೆಗೆ. ಊಟ ಬಂಗಲೆಯದೇ. ಕೊನೆಗೆ, “ವಿಲ್ ಯೂ ಸ್ಟೇ?” ಎಂದರು.

ಸಾಬರು ತಡಮಾಡಲಿಲ್ಲ. “ನೋ, ಮೇಡಂ. ಥ್ಯಾಂಕ್ಯೂ.”

ದೊರೆಸಾನಿ ತಲೆಯಾಡಿಸಿದರು. ಅವರ ಮುಖದಲ್ಲಿ ನಿರಾಸೆ ಇರಲಿಲ್ಲ. ವಿಷಯ ತಿಳಿದವರ ತಾಳ್ಮೆ ಇತ್ತು. ಸ್ವಲ್ಪ ಬಿಟ್ಟು ಮತ್ತೆ ಕೇಳಿದರು. ಅದೇ ಪದಗಳು, ಇನ್ನಷ್ಟು ಮೃದುವಾಗಿ.

ಸಾಬರು ಗೊಂದಲಗೊಂಡರು. ಇಷ್ಟು ವರ್ಷಗಳಲ್ಲಿ ಯಾವ ದೊರೆಯೂ ಅವರನ್ನು ಒಂದೇ ವಿಷಯಕ್ಕೆ ಎರಡು ಸಲ ಕೇಳಿರಲಿಲ್ಲ. ತಮ್ಮ ಉತ್ತರ ಕೇಳಿಸಲಿಲ್ಲವೇನೋ ಎಂಬಂತೆ, ಸ್ವಲ್ಪ ಗಟ್ಟಿಯಾಗಿ, “ನೋ, ಮೇಡಂ,” ಎಂದರು.

ದೊರೆಸಾನಿ ಒಂದು ಹೆಜ್ಜೆ ಮುಂದೆ ಬಂದರು. ಆಗ ನನಗೆ ಅರ್ಥವಾಯಿತು. ಅವರು ಸಾಬರು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಈ ಊರಿನವರನ್ನು ಮೂರು ಸಲ ಕೇಳಬೇಕು, ಮೂರನೆಯದಕ್ಕೆ ಒಪ್ಪುತ್ತಾರೆ. ಆದರೆ ಅವರೆದುರು ನಿಂತಿದ್ದವರು ಹುಣಸೂರಿನಲ್ಲೆಲ್ಲ ಮೊದಲ ಮಾತನ್ನೇ ಕೊನೆಯ ಮಾತಾಗಿ ಆಡುತ್ತಿದ್ದ ಒಬ್ಬರೇ ಒಬ್ಬರು. ಮಗಳು ಗಾಡಿಯಲ್ಲಿ ಕೂತಾಗಿತ್ತು. ಅವಳಿಲ್ಲದ ಕಾಂಪೌಂಡಿನಲ್ಲಿ, ಬೇರೊಬ್ಬ ಜೋಡಿಸುವ ಪಾತ್ರೆಗಳ ನಡುವೆ ಉಳಿಯುವ ಯೋಚನೆ ಅವರಿಗೆ ಒಂದು ಗಳಿಗೆಯೂ ಬಂದಿರಲಿಲ್ಲವೆಂದು ಆಮೇಲೆ ಅವರೇ ಹೇಳಿದರು.

ಮೂರನೆಯ ಸಲ ಕೇಳಿದಾಗ ಸಾಬರ ಮುಖ ಬಿಗಿಯಿತು. “ಫಸ್ಟ್ ಟೈಮ್ ಓನ್ಲಿ ಐ ಟೋಲ್ಡ್, ಮೇಡಂ,” ಎಂದರು.

ದೊರೆಸಾನಿಯ ಕೆನ್ನೆ ಕೆಂಪಾಯಿತು. ಹೌದು, ಹೌದು, ನಿಜ ಎಂದು ಏನೋ ಹೇಳಿದರು. ಸಾಬರು ಸಲಾಮು ಮಾಡಿ ಮೆಟ್ಟಿಲಿಳಿದರು. ಇಳಿಯುವಾಗ ಕಾಲು ಸರಿಯಾಗಿಯೇ ಬಿತ್ತು. ಜಲ್ಲಿಯ ಮೇಲೆ ನೇರವಾಗಿ, ಸ್ವಲ್ಪ ಜೋರಾಗಿಯೇ ನಡೆದರು. ಆ ಹಾದಿಯಲ್ಲಿ ಗಾಡಿ ನಿಲ್ಲುವ ವಾಡಿಕೆ ಇರಲಿಲ್ಲ. ಅವರು ಹೋಗಿ ನೊಗಕ್ಕೆ ಎದೆ ಬಡಿಸಿಕೊಂಡರು. ಎತ್ತೊಂದು ತಲೆ ಕೊಡವಿತು.

“ಮಾಮು, ಈ ಕಡೆ,” ಎಂದು ಅಳಿಯ ಓಡಿ ಬಂದು ಕೈ ಹಿಡಿದ. ಸಾಬರು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಯಾವುದೋ ಜಮಾಬಂದಿಯ ಸುದ್ದಿಗೆಂದು ಪಿರಿಯಾಪಟ್ಟಣಕ್ಕೆ ಹೋದವನು ಅವರ ಮನೆ ಹುಡುಕಿಕೊಂಡು ಹೋದೆ. ಅಳಿಯ ಯಾವುದೋ ಮದುವೆಯ ಅಡುಗೆಗೆ ಹೋಗಿದ್ದ. ಸಾಬರು ಜಗಲಿಯ ಮೇಲೆ ಕೂತಿದ್ದರು. ನನ್ನ ದನಿ ಕೇಳಿ ಎದ್ದು, ಗೋಡೆಗೆ ಬೆರಳು ತಾಗಿಸುತ್ತ ಒಳಗೆ ಹೋಗಿ, ಒಂದು ಲೋಟ ನೀರು ತಾವೇ ತಂದರು. ತುಳುಕಿರಲಿಲ್ಲ.

“ಈ ಮನೇನೂ ಕಾಣಕ್ಕೆ ಶುರುವಾಗಿದೆಯೇ ಸಾಬರೇ?” ಎಂದು ಕೇಳಿದೆ.

“ಅಡುಗೆಮನೆವರೆಗೂ,” ಎಂದರು.

“ಬಾವಿ ಕಡೆ ಹೋಗೋಕೆ ನಾನಿನ್ನೂ ಬಿಟ್ಟಿಲ್ಲ ಸ್ವಾಮಿ,” ಎಂದಳು ಮಗಳು, ಬಾಗಿಲ ಹಿಂದಿನಿಂದ.